ಮೊದಲನೆಯವರು ಬಂದರು, ಎರಡನೆಯವರು ಯಾವಾಗ?

ಒಂದು ಲೆಕ್ಕದಿಂದ ಶುರು ಮಾಡೋಣ. 45 ಪಂದ್ಯ, 4 ಗೋಲು. ಬೇರೆಯವರು ಹೊಡೆದ ಗೋಲಿಗೆ ಪಾಸ್ ಕೊಟ್ಟಿದ್ದು 10 ಸಲ. ಒಬ್ಬ ವೃತ್ತಿಪರ ಆಟಗಾರ ಜಗತ್ತಿನ ಅತಿ ದೊಡ್ಡ ಲೀಗ್‌ನಲ್ಲಿ ಮಾಡಿದ್ದು ಇಷ್ಟೇ ಅಂದ್ರೆ ನೀವೇನಂತೀರಿ? ಬಂದ, ಆಡಿದ, ಹೋದ ಅಂತೀರಿ. ಅಂಥವರ ಹೆಸರು ಹತ್ತು ವರ್ಷ ಆದ ಮೇಲೆ ಅವರ ಊರಿನವರಿಗೂ ನೆನಪಿರೋದಿಲ್ಲ.

ಆದರೆ 2022ರ ಜನವರಿ 18ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ, ಸಾವಿರಾರು ಜನರ ಎದುರಿಗೆ, ಇದೇ ಆಟಗಾರನ 22ನೇ ನಂಬರನ್ನು ಕ್ರೀಡಾಂಗಣದ ಚಾವಣಿಗೆ ಏರಿಸಿದರು. ಇನ್ನು ಮುಂದೆ ಬೋಸ್ಟನ್ ಬ್ರೂಯಿನ್ಸ್ ತಂಡದಲ್ಲಿ ಆ ನಂಬರನ್ನು ಯಾರೂ ಹಾಕಿಕೊಳ್ಳುವಂತಿಲ್ಲ. ಅಲ್ಲಿ ಈಗಾಗಲೇ ನೇತಾಡುತ್ತಿರುವ ನಂಬರುಗಳು ಯಾರದ್ದು ಗೊತ್ತಾ? ಬಾಬ್ಬಿ ಆರ್, ರೇ ಬೋರ್ಕ್ ಥರದ ದಂತಕಥೆಗಳದ್ದು. ಬೋರ್ಕ್ ಆ ತಂಡಕ್ಕೆ ಆಡಿದ್ದು 1,518 ಪಂದ್ಯ. ಅವರ ಪಕ್ಕದಲ್ಲಿ 45 ಪಂದ್ಯ ಆಡಿದ ಒಬ್ಬ ವ್ಯಕ್ತಿ. ಹೆಸರು ವಿಲ್ಲಿ ಓರೀ.

ಯಾಕೆ? ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇದೆ. ಎನ್‌ಎಚ್‌ಎಲ್, ಅಂದ್ರೆ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ವರ್ಣೀಯ ಆಟಗಾರ ಇವರು. ನಮ್ಮ ಸ್ಕ್ರೀನ್ ಕೆಳಗೆ ಓಡುವ ಪಟ್ಟಿಗೆ ಈ ಒಂದು ಸಾಲು ಸಾಕು. ಆದರೆ ಇವತ್ತು ಆ ಪಟ್ಟಿಯಲ್ಲಿ ಹಿಡಿಸದ ಕಥೆಯನ್ನು ಹೇಳ್ತೀನಿ. ಯಾಕಂದ್ರೆ ‘ಮೊದಲ’ ಅನ್ನೋ ಪದ ಎಷ್ಟು ಹೇಳುತ್ತೋ, ಅದಕ್ಕಿಂತ ಹೆಚ್ಚು ಮುಚ್ಚಿಡುತ್ತೆ.

ಮೊದಲು ಆಟ ಅರ್ಥ ಮಾಡಿಕೊಳ್ಳಿ. ನಾವು ಹಾಕಿ ಅಂದರೆ ಟರ್ಫ್ ಮೈದಾನ, ಹನ್ನೊಂದು ಜನ, ಬಿಳಿ ಚೆಂಡು ಅಂದ್ಕೋತೀವಿ. ಇದು ಅದಲ್ಲ. ಇದು ಐಸ್ ಹಾಕಿ. ಮಂಜುಗಡ್ಡೆಯ ಮೇಲೆ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್ಸ್ ಕಟ್ಟಿಕೊಂಡು ಆಡುವ ಆಟ. ನಮ್ಮ ದೇಶದಲ್ಲಿ ಲಡಾಖ್‌ನ ಹುಡುಗ ಹುಡುಗಿಯರು ಕೆರೆಗಳು ಹೆಪ್ಪುಗಟ್ಟಿದಾಗ ಆಡುತ್ತಾರಲ್ಲ, ಅದು. ಕಣದ ಉದ್ದ 200 ಅಡಿ, ಅಗಲ 85 ಅಡಿ. ಗೋಲಿಯೂ ಸೇರಿ ಒಂದು ಕಡೆಗೆ ಆರು ಜನ. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಅವಧಿ. ಎಷ್ಟು ವೇಗದ ಆಟ ಅಂದ್ರೆ ಒಬ್ಬ ಆಟಗಾರ ಒಂದು ನಿಮಿಷವೂ ಪೂರ್ತಿ ಆಡೋದಿಲ್ಲ. ಮುಕ್ಕಾಲು ನಿಮಿಷ ಆಡಿ, ಬೆಂಚಿಗೆ ಬಂದು ಉಸಿರು ತಗೊಂಡು, ಮತ್ತೆ ಹೋಗ್ತಾನೆ. ಇಲ್ಲಿ ಚೆಂಡು ಇಲ್ಲ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ ಇದೆ. ಅದಕ್ಕೆ ಪಕ್ ಅಂತಾರೆ. ಗಟ್ಟಿಯಾಗಿ ಬಾರಿಸಿದರೆ ಗಂಟೆಗೆ 140–150 ಕಿಲೋಮೀಟರ್ ವೇಗದಲ್ಲಿ ಹಾರುತ್ತೆ.

ಇನ್ನು ಎನ್‌ಎಚ್‌ಎಲ್. ಈ ಆಟದ ಅತ್ಯುನ್ನತ ಲೀಗ್. 1942ರಿಂದ 1967ರವರೆಗೆ ಅದರಲ್ಲಿ ಇದ್ದಿದ್ದು ಆರೇ ತಂಡ: ಬೋಸ್ಟನ್, ಮಾಂಟ್ರಿಯಲ್, ಟೊರೊಂಟೊ, ಡೆಟ್ರಾಯಿಟ್, ಶಿಕಾಗೊ, ನ್ಯೂಯಾರ್ಕ್. ತಂಡಕ್ಕೆ ಸುಮಾರು ಇಪ್ಪತ್ತು ಆಟಗಾರರು ಅಂತ ಇಟ್ಟುಕೊಳ್ಳಿ. ಒಟ್ಟು 120 ಕೆಲಸ. ಇಡೀ ಜಗತ್ತಿನಲ್ಲಿ! ಈ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ವಿಲ್ಲಿ ಓರೀ ಹುಟ್ಟಿದ್ದು 1935ರ ಅಕ್ಟೋಬರ್ 15ರಂದು, ಕೆನಡಾದ ಪೂರ್ವಕ್ಕಿರುವ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡರಿಕ್ಟನ್ ಎಂಬ ಊರಿನಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು. ಪೂರ್ವಿಕರು ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದವರು. ಊರಿನಲ್ಲಿ ಕಪ್ಪು ಕುಟುಂಬಗಳು ಬೆರಳೆಣಿಕೆ. ಆದರೆ ಚಳಿಗಾಲ ಮಾತ್ರ ಎಲ್ಲರಿಗೂ ಒಂದೇ. ಮನೆ ಹಿತ್ತಲಿಗೆ ನೀರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಆಟದ ಕಣ ರೆಡಿ. ಮೂರನೇ ವಯಸ್ಸಿಗೇ ಹುಡುಗ ಸ್ಕೇಟ್ಸ್ ಕಟ್ಟಿಕೊಂಡ.

ಇಲ್ಲಿ ಒಂದು ಘಟನೆ ಹೇಳಲೇಬೇಕು. 1949. ಹುಡುಗನಿಗೆ ಹದಿಮೂರು ವರ್ಷ. ಅವನ ಬೇಸ್‌ಬಾಲ್ ತಂಡ ಗೆದ್ದಿದ್ದಕ್ಕೆ ಬಹುಮಾನವಾಗಿ ನ್ಯೂಯಾರ್ಕ್ ಪ್ರವಾಸ. ಅಲ್ಲಿ ಜಾಕಿ ರಾಬಿನ್‌ಸನ್ ಎದುರಿಗೆ ಸಿಕ್ಕರು. ಯಾರು ಈ ರಾಬಿನ್‌ಸನ್? ಅದಕ್ಕೆ ಎರಡೇ ವರ್ಷ ಮುಂಚೆ, 1947ರಲ್ಲಿ, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಬಣ್ಣದ ಗೋಡೆ ಒಡೆದು ಒಳಗೆ ಬಂದ ಕಪ್ಪು ಆಟಗಾರ. ಹುಡುಗ ಧೈರ್ಯ ಮಾಡಿ ಹೇಳಿದ: ನಾನು ಬೇಸ್‌ಬಾಲ್ ಆಡ್ತೀನಿ, ಆದರೆ ನನಗೆ ಹಾಕಿ ಇನ್ನೂ ಇಷ್ಟ. ರಾಬಿನ್‌ಸನ್‌ಗೇ ಆಶ್ಚರ್ಯ. ಕಪ್ಪು ಹುಡುಗರು ಐಸ್ ಹಾಕಿ ಆಡ್ತಾರೆ ಅನ್ನೋದೇ ಅವರಿಗೆ ಹೊಸ ಸುದ್ದಿ. ಗೋಡೆ ಒಡೆದವರಿಗೇ ಇನ್ನೊಂದು ಗೋಡೆ ಇರುವುದು ಗೊತ್ತಿರಲಿಲ್ಲ ನೋಡಿ.

ಹಾಗಂತ ಕಪ್ಪು ಜನ ಈ ಆಟ ಆಡ್ತಾನೇ ಇರಲಿಲ್ವಾ? ಆಡ್ತಿದ್ರು, ಚೆನ್ನಾಗೇ ಆಡ್ತಿದ್ರು. ನ್ಯೂ ಬ್ರನ್ಸ್‌ವಿಕ್ ಪಕ್ಕದ ನೋವಾ ಸ್ಕೋಶಿಯಾ ಪ್ರಾಂತ್ಯದಲ್ಲಿ 1895ರಲ್ಲೇ ಕಪ್ಪು ಆಟಗಾರರ ಪ್ರತ್ಯೇಕ ಲೀಗ್ ಶುರುವಾಗಿತ್ತು. ಎನ್‌ಎಚ್‌ಎಲ್ ಹುಟ್ಟಿದ್ದೇ 1917ರಲ್ಲಿ. ಅಂದ್ರೆ ಎನ್‌ಎಚ್‌ಎಲ್ ಹುಟ್ಟೋಕೆ 22 ವರ್ಷ ಮುಂಚೆಯೇ ಅವರು ಲೀಗ್ ಕಟ್ಟಿ ಆಡ್ತಿದ್ರು. 1940ರ ದಶಕದಲ್ಲಿ ಹರ್ಬ್ ಕಾರ್ನೆಗಿ ಅಂತ ಒಬ್ಬ ಅಪ್ರತಿಮ ಕಪ್ಪು ಆಟಗಾರ ಇದ್ದರು. ಕ್ವಿಬೆಕ್‌ನ ಲೀಗ್‌ಗಳಲ್ಲಿ ಮಿಂಚಿದವರು. ಅವರಿಗೆ ಎನ್‌ಎಚ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯ ಆಡೋ ಅವಕಾಶ ಸಿಗಲಿಲ್ಲ. ಹಾಗಾಗಿ ‘ಮೊದಲ’ ಅಂದಾಗ ತಪ್ಪು ತಿಳಿಯಬೇಡಿ. ಓರೀ ಯೋಗ್ಯತೆ ಇದ್ದ ಮೊದಲ ಕಪ್ಪು ಆಟಗಾರ ಅಲ್ಲ. ಬಾಗಿಲು ತೆರೆದ ಹೊತ್ತಿಗೆ ಅಲ್ಲಿ ನಿಂತಿದ್ದ ಮೊದಲ ಆಟಗಾರ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಈಗ ಕಥೆಯ ತಿರುವಿಗೆ ಬರೋಣ. 1955. ಓರೀ ಕಿಚನರ್ ಎಂಬ ಊರಿನ ಜೂನಿಯರ್ ತಂಡಕ್ಕೆ ಆಡ್ತಿದ್ದಾರೆ. ಒಂದು ಪಂದ್ಯದಲ್ಲಿ ಯಾರೋ ಬಾರಿಸಿದ ಪಕ್ ಎಲ್ಲೋ ತಾಗಿ, ದಿಕ್ಕು ಬದಲಿಸಿ, ನೇರ ಬಂದು ಬಲಗಣ್ಣಿಗೆ ಬಡಿಯಿತು. ಆ ಕಾಲದಲ್ಲಿ ಹೆಲ್ಮೆಟ್ ಹಾಕೋ ಪದ್ಧತಿಯೇ ಇಲ್ಲ. ಮೂಗು ಮುರೀತು, ಕೆನ್ನೆಮೂಳೆ ಮುರೀತು. ಬಲಗಣ್ಣಿನ ಶೇಕಡ 95ರಷ್ಟು ದೃಷ್ಟಿ ಹೋಯ್ತು. ಡಾಕ್ಟರ್ ಹೇಳಿದ್ದು ಒಂದೇ ಮಾತು: ಇನ್ನು ಹಾಕಿ ಮರೆತುಬಿಡು.

ಒಂದು ಕಣ್ಣು ಹೋದರೆ ಏನಾಗುತ್ತೆ? ಇನ್ನೊಂದು ಇದೆಯಲ್ಲ ಅಂತ ಸುಲಭವಾಗಿ ಹೇಳ್ತೀವಿ. ಎಂಜಿನಿಯರಿಂಗ್ ಓದಿದವನಿಗೆ ಇದನ್ನು ಲೆಕ್ಕದಲ್ಲಿ ಹೇಳೋ ಚಾಳಿ, ಸಹಿಸಿಕೊಳ್ಳಿ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ. ಎರಡೂ ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕೋನದಿಂದ ನೋಡುತ್ತವೆ. ಆ ವ್ಯತ್ಯಾಸದಿಂದ ಮಿದುಳು ದೂರ ಅಳೆಯುತ್ತೆ. ಸರ್ವೇ ಮಾಡುವವರು ಎರಡು ಕಡೆ ನಿಂತು ಕೋನ ಅಳೆದು ದೂರ ಕಂಡುಹಿಡಿಯುತ್ತಾರಲ್ಲ, ಅದೇ ತ್ರಿಕೋನದ ಲೆಕ್ಕ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ಗೊತ್ತಾಗುತ್ತೆ. ದಾರ ಸೂಜಿಯ ಮುಂದೆ ಹೋಗುತ್ತೆ, ಹಿಂದೆ ಹೋಗುತ್ತೆ, ಒಳಗೆ ಮಾತ್ರ ಹೋಗಲ್ಲ.

ಸೂಜಿ ಕೈಯಲ್ಲಿ ಸುಮ್ಮನೆ ಇರುತ್ತೆ. ಪಕ್ ಸುಮ್ಮನೆ ಇರುತ್ತಾ? ಗಂಟೆಗೆ 144 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 40 ಮೀಟರ್. ಇಪ್ಪತ್ತು ಮೀಟರ್ ದೂರದಿಂದ ಹೊಡೆದ ಪಕ್ ನಿಮ್ಮ ಹತ್ತಿರ ಬರೋಕೆ ಅರ್ಧ ಸೆಕೆಂಡ್. ಅಷ್ಟರಲ್ಲಿ ದೂರ ಅಳೀಬೇಕು, ಕೋಲು ಇಡಬೇಕು, ಜೊತೆಗೆ ಡಿಕ್ಕಿ ಹೊಡೆಯೋಕೆ ಬರ್ತಿರೋ ತೊಂಬತ್ತು ಕೆಜಿ ಆಸಾಮಿಯನ್ನೂ ನೋಡ್ಕೋಬೇಕು.

ಇನ್ನೂ ಒಂದು ಕಷ್ಟ ಇತ್ತು. ಓರೀ ಆಡ್ತಿದ್ದ ಜಾಗ ಲೆಫ್ಟ್ ವಿಂಗ್, ಅಂದ್ರೆ ಕಣದ ಎಡ ಅಂಚು. ಎಡ ಅಂಚಿನಲ್ಲಿ ಮುಂದಕ್ಕೆ ಓಡುವವನಿಗೆ ಇಡೀ ಆಟ ಇರೋದು ಬಲಗಡೆ. ಪಾಸ್ ಬರೋದು ಬಲಗಡೆಯಿಂದ, ಎದುರಾಳಿ ಬರೋದೂ ಬಲಗಡೆಯಿಂದ. ಇವರಿಗೆ ಕಾಣದೇ ಇರೋದು ಬಲಗಣ್ಣೇ! ಹಾಗಾಗಿ ಪ್ರತಿ ಪಾಸ್‌ಗೂ ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ನೋಡಬೇಕು. ಕತ್ತು ತಿರುಗಿಸಿದ ಆ ಕ್ಷಣದಲ್ಲಿ ಮುಂದೆ ಏನಿದೆ ಅನ್ನೋದು ಕಾಣಲ್ಲ.

ಆದರೂ ಅವರು ಕೆಲವೇ ವಾರಗಳಲ್ಲಿ ಮತ್ತೆ ಕಣಕ್ಕಿಳಿದರು. ಕಾಣದ್ದರ ಬಗ್ಗೆ ಚಿಂತೆ ಬಿಟ್ಟು ಕಾಣೋದರ ಮೇಲೆ ಗಮನ ಇಡಬೇಕು ಅನ್ನೋದು ಅವರು ತಮಗೆ ತಾವೇ ಹೇಳಿಕೊಂಡ ಮಾತು. ಇನ್ನೊಂದು ತೀರ್ಮಾನವನ್ನೂ ಮಾಡಿದರು. ಯಾರಿಗೂ ಹೇಳೋದಿಲ್ಲ. ಕೋಚ್‌ಗೆ ಇಲ್ಲ, ಜೊತೆ ಆಟಗಾರರಿಗೆ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಯಾಕೆ? ಒಂದು ಕಣ್ಣು ಕಾಣದವರು ಎನ್‌ಎಚ್‌ಎಲ್‌ನಲ್ಲಿ ಆಡುವಂತಿಲ್ಲ ಅನ್ನೋ ನಿಯಮವೇ ಇತ್ತು. ಬಾಯಿಬಿಟ್ಟರೆ ಕಥೆ ಮುಗೀತು.

ಇಲ್ಲಿ ನಿಮಗೆ ನಮ್ಮವರೇ ಒಬ್ಬರು ನೆನಪಾಗಿರಬೇಕು. ಹೌದು, ಟೈಗರ್ ಪಟೌಡಿ. 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಗಿ ಅವರೂ ಕಳಕೊಂಡಿದ್ದು ಬಲಗಣ್ಣಿನ ದೃಷ್ಟಿಯನ್ನೇ. ಕೆಲವೇ ತಿಂಗಳಲ್ಲಿ ಟೆಸ್ಟ್ ಆಡಿದರು. 21ನೇ ವಯಸ್ಸಿಗೆ ಭಾರತದ ನಾಯಕ. ಆಡಿದ್ದು 46 ಟೆಸ್ಟ್, ಆರು ಶತಕ. ಒಂದೇ ಕಣ್ಣಿನಲ್ಲಿ ಆಡಿದ ನವಾಬ ಅಂತ ನಾವು ಇಂದಿಗೂ ಹೆಮ್ಮೆಯಿಂದ ಹೇಳ್ತೀವಿ, ಹೇಳಬೇಕಾದ್ದೇ. ಆದರೆ ಎರಡು ಜೀವನವನ್ನು ಪಕ್ಕಪಕ್ಕ ಇಟ್ಟು ನೋಡಿ. ಪಟೌಡಿಯವರ ಕಣ್ಣಿನ ಸಂಗತಿ ಜಗತ್ತಿಗೇ ಗೊತ್ತಿತ್ತು, ಅದರಿಂದ ಅವರ ಕೀರ್ತಿ ಹೆಚ್ಚಾಯ್ತು. ಓರೀಗೆ ಅದೇ ಸಂಗತಿ ಹೊರಗೆ ಬಂದರೆ ಕೆಲಸವೇ ಹೋಗ್ತಿತ್ತು. ಸಾಹಸ ಒಂದೇ, ಆದರೆ ಅದನ್ನು ತೋರಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಇರೋದಿಲ್ಲ.

ವಿಲ್ಲಿ ಓರೀ ಹತ್ತಿರ ಎರಡು ಸಂಗತಿ ಇದ್ದವು. ಒಂದು ಕಣ್ಣು, ಅದನ್ನು ಮುಚ್ಚಿಡಬಹುದಿತ್ತು. ಇನ್ನೊಂದು ಚರ್ಮ. ಅದನ್ನು ಎಲ್ಲಿ ಮುಚ್ಚಿಡೋದು?

1956ರಲ್ಲಿ ಅವರಿಗೆ ಬೇಸ್‌ಬಾಲ್‌ನಿಂದಲೂ ಕರೆ ಬಂತು. ಮಿಲ್ವಾಕಿ ಬ್ರೇವ್ಸ್ ತಂಡದ ಆಯ್ಕೆ ಶಿಬಿರ, ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ. ಅಲ್ಲಿ ಹೋಗಿ ನೋಡಿದರೆ ಕುಡಿಯೋ ನೀರಿಗೆ ಬೇರೆ ನಲ್ಲಿ, ಶೌಚಾಲಯ ಬೇರೆ, ಮಲಗೋಕೆ ಬೇರೆ ಕಟ್ಟಡ. ಕೆಲವೇ ವಾರಗಳಲ್ಲಿ ವಾಪಸ್ ಕಳಿಸಿದರು. ಬಸ್ಸಿನಲ್ಲಿ ದಿನಗಟ್ಟಲೆ ಪ್ರಯಾಣ. ಹೊರಟಾಗ ಕೂತಿದ್ದು ಬಸ್ಸಿನ ಕೊನೆಯ ಸೀಟಿನಲ್ಲಿ, ಕಪ್ಪು ಜನರಿಗೆ ಮೀಸಲಾದ ಜಾಗದಲ್ಲಿ. ಬಸ್ಸು ಉತ್ತರಕ್ಕೆ ಬಂದಂತೆಲ್ಲ ಒಂದೊಂದೇ ಸೀಟು ಮುಂದೆ ಮುಂದೆ ಬಂದು ಕೂತೆ ಅಂತ ಅವರು ನೆನಪಿಸಿಕೊಂಡಿದ್ದಾರೆ. ಬಸ್ಸಿನ ಸೀಟೇ ಭೂಪಟ ಆದ ಹಾಗೆ. ಬೇಸ್‌ಬಾಲ್ ಸಾಕು, ಇನ್ನು ಹಾಕಿಯೇ ಗತಿ ಅಂತ ಅವರು ನಿರ್ಧರಿಸಿದ್ದು ಆಗಲೇ.

ಆಮೇಲೆ ಕ್ವಿಬೆಕ್ ಏಸಸ್ ಅನ್ನೋ ತಂಡ. ಅಲ್ಲಿ ಆಡ್ತಿದ್ದಾಗಲೇ ಬೋಸ್ಟನ್ ಬ್ರೂಯಿನ್ಸ್‌ನಿಂದ ಕರೆ ಬಂತು. ಒಬ್ಬ ಆಟಗಾರನಿಗೆ ಗಾಯವಾಗಿದೆ, ಮಾಂಟ್ರಿಯಲ್‌ಗೆ ಬಾ. 1958ರ ಜನವರಿ 18. ಮಾಂಟ್ರಿಯಲ್ ಫೋರಂ ಕ್ರೀಡಾಂಗಣ. ಎದುರಾಳಿ ಮಾಂಟ್ರಿಯಲ್ ಕೆನೇಡಿಯನ್ಸ್, ಆ ಕಾಲದ ಚಾಂಪಿಯನ್ ತಂಡ. ಬ್ರೂಯಿನ್ಸ್ 3–0ಯಿಂದ ಗೆದ್ದಿತು. ಓರೀ ಗೋಲು ಹೊಡೀಲಿಲ್ಲ. ಆದರೆ ಎನ್‌ಎಚ್‌ಎಲ್ ಹುಟ್ಟಿ 40 ವರ್ಷ ಆದ ಮೇಲೆ ಮೊದಲ ಸಲ ಒಬ್ಬ ಕಪ್ಪು ಆಟಗಾರ ಅದರ ಮಂಜುಗಡ್ಡೆಯ ಮೇಲೆ ಸ್ಕೇಟ್ ಮಾಡಿದ್ದರು.

ಇವತ್ತಾಗಿದ್ದರೆ? ನ್ಯೂಸ್ ರೂಮಿನಲ್ಲಿ ನಾವೆಲ್ಲ ಎದ್ದು ನಿಲ್ತಿದ್ವಿ. ಬ್ರೇಕಿಂಗ್, ಫ್ಲ್ಯಾಶ್, ಇತಿಹಾಸ ನಿರ್ಮಾಣ. ಆವತ್ತು ಅಂಥದ್ದೇನೂ ಆಗಲಿಲ್ಲ. ತಾನು ಇತಿಹಾಸ ಮಾಡಿದ್ದೇನೆ ಅನ್ನೋದು ಮಾರನೆಯ ದಿನದ ಪತ್ರಿಕೆ ನೋಡೋವರೆಗೂ ತನಗೇ ಹೊಳೆದಿರಲಿಲ್ಲ ಅಂತ ಸ್ವತಃ ಓರೀ ಹೇಳಿಕೊಂಡಿದ್ದಾರೆ. ಮರುದಿನ ಬೋಸ್ಟನ್‌ನಲ್ಲಿ ಇನ್ನೊಂದು ಪಂದ್ಯ. ಅಷ್ಟೇ. ಎರಡೇ ಪಂದ್ಯ. ವಾಪಸ್ ಕ್ವಿಬೆಕ್‌ಗೆ.

ಮತ್ತೆ ಬಾಗಿಲು ತೆರೆದಿದ್ದು 1960–61ರ ಋತುವಿನಲ್ಲಿ. ಈ ಸಲ 43 ಪಂದ್ಯ. 1961ರ ಜನವರಿ 1ರಂದು, ಹೊಸ ವರ್ಷದ ದಿನ, ಬೋಸ್ಟನ್ ಗಾರ್ಡನ್‌ನಲ್ಲಿ ಅದೇ ಮಾಂಟ್ರಿಯಲ್ ವಿರುದ್ಧ ಓರೀ ಮೊದಲ ಗೋಲು ಹೊಡೆದರು. ಬ್ರೂಯಿನ್ಸ್ 3–2ರಿಂದ ಗೆದ್ದಿತು, ಗೆಲುವಿನ ಗೋಲು ಅದೇ. ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಬೋಸ್ಟನ್‌ನಲ್ಲಿ ಚಪ್ಪಾಳೆ, ಬೇರೆ ಊರುಗಳಲ್ಲಿ ಬೈಗುಳ. ಪ್ರೇಕ್ಷಕರ ಬಾಯಲ್ಲೂ, ಎದುರಾಳಿ ಆಟಗಾರರ ಬಾಯಲ್ಲೂ ಬಣ್ಣದ ಹೆಸರಿನ ಹೊಲಸು ಮಾತು. ಶಿಕಾಗೊದಲ್ಲಿ ಎದುರಾಳಿಯೊಬ್ಬ ಮೊದಲು ಬೈದ, ಆಮೇಲೆ ಕೋಲಿನ ತುದಿಯಿಂದ ಬಾಯಿಗೇ ತಿವಿದ. ಮುಂದಿನ ಹಲ್ಲುಗಳು ಹೋದವು, ಮೂಗು ಮುರೀತು. ಓರೀ ತಿರುಗಿಸಿ ತಮ್ಮ ಕೋಲನ್ನು ಅವನ ತಲೆಗೆ ಬೀಸಿದರು, ಎರಡೂ ತಂಡಗಳು ಬೆಂಚು ಬಿಟ್ಟು ಇಳಿದವು. ಇವರು ಬುದ್ಧ ಅಲ್ಲ, ಆಟಗಾರ. ಆದರೆ ಒಂದು ನಿಯಮ ಇಟ್ಟುಕೊಂಡಿದ್ದರು. ಮಾತಿಗೆ ಹೊಡೆದಾಡೋದಿಲ್ಲ. ಮೈಮೇಲೆ ಬಂದರೆ ಬಿಡೋದಿಲ್ಲ.

ಋತು ಮುಗೀತು. ಮುಂದಿನ ವರ್ಷವೂ ನೀನು ನಮ್ಮ ಜೊತೆ ಇರ್ತೀಯ ಅಂತ ತಂಡದವರು ಹೇಳಿ ಕಳಿಸಿದರು. ಊರಿಗೆ ಹೋದ ಕೆಲವೇ ವಾರಕ್ಕೆ ಒಂದು ಫೋನ್. ಮಾಡಿದ್ದು ತಂಡದವರಲ್ಲ, ಪತ್ರಕರ್ತ. ನಿಮ್ಮನ್ನು ಮಾಂಟ್ರಿಯಲ್‌ಗೆ ಮಾರಿದ್ದಾರೆ, ಏನನ್ನಿಸುತ್ತೆ? 1956ರಿಂದ 1960ರವರೆಗೆ ಸತತ ಐದು ಸಲ ಸ್ಟಾನ್ಲಿ ಕಪ್ ಗೆದ್ದ ತಂಡ ಅದು. ಅಲ್ಲಿ ಜಾಗ ಎಲ್ಲಿ? ಅಲ್ಲಿಂದ ಕೆಳಗಿನ ಲೀಗ್, ಅಲ್ಲಿಂದ ದೂರದ ಲಾಸ್ ಏಂಜಲೀಸ್. ಎನ್‌ಎಚ್‌ಎಲ್ ಬಾಗಿಲು ಮುಚ್ಚಿತು. ಮತ್ತೆ ತೆರೆಯಲೇ ಇಲ್ಲ. ವಯಸ್ಸು ಆಗ ಬರೀ ಇಪ್ಪತ್ತಾರು.

ಸರಿ, ಆಟ ಸಾಲದೇ ಬಂದಿತ್ತೇನೋ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರ ಲಾಸ್ ಏಂಜಲೀಸ್‌ನಲ್ಲಿದೆ. ಅಲ್ಲಿನ ಬ್ಲೇಡ್ಸ್ ತಂಡದ ಕೋಚ್ ಇವರನ್ನು ಎಡ ಅಂಚಿನಿಂದ ಬಲ ಅಂಚಿಗೆ ಹಾಕಿದರು. ಕೋಚ್‌ಗೆ ಕಣ್ಣಿನ ವಿಷಯ ಗೊತ್ತಿಲ್ಲ, ತಂಡದ ಅಗತ್ಯಕ್ಕೆ ಮಾಡಿದ ಬದಲಾವಣೆ ಅದು. ಆದರೆ ಲೆಕ್ಕ ನೋಡಿ. ಬಲ ಅಂಚಿನಲ್ಲಿ ಆಡುವವನಿಗೆ ಇಡೀ ಆಟ ಎಡಗಡೆ, ಎಡಗಣ್ಣು ಇರೋದೂ ಅಲ್ಲೇ. ಕತ್ತು ತಿರುಗಿಸೋ ಕೆಲಸವೇ ತಪ್ಪಿತು. 1964–65ರ ಋತುವಿನಲ್ಲಿ 38 ಗೋಲು. ಆಮೇಲೆ ಸ್ಯಾನ್ ಡಿಯಾಗೊ ಗಲ್ಸ್ ತಂಡಕ್ಕೆ ಹೋದ ಮೇಲೆ, 1968–69ರಲ್ಲಿ, ಮತ್ತೆ 38. ಒಟ್ಟು ನಾಲ್ಕು ಋತುಗಳಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಗೋಲು.

ಹಾಗಾದ್ರೆ ಯಾಕೆ ಯಾರೂ ವಾಪಸ್ ಕರೀಲಿಲ್ಲ? ಸಾಮಾನ್ಯವಾಗಿ ಎರಡು ಕಾರಣ ಹೇಳ್ತಾರೆ. ಎರಡನ್ನೂ ಪರೀಕ್ಷೆ ಮಾಡೋಣ.

ಒಂದನೇ ಕಾರಣ ಕಣ್ಣು. ಕಣ್ಣಿನ ವಿಷಯ ಗೊತ್ತೇ ಇಲ್ಲದವರು ಅದೇ ಕಾರಣಕ್ಕೆ ಹೇಗೆ ಬಿಡ್ತಾರೆ? ಎಡ ಅಂಚಿನಲ್ಲಿ ಆಡುವಾಗ ಅದರಿಂದ ಆಟ ಕುಂಟಿರಬಹುದು, ಒಪ್ಪೋಣ. ಬಲ ಅಂಚಿಗೆ ಬಂದ ಮೇಲಿನ 38 ಗೋಲಿಗೆ ಆ ಮಾತು ಅನ್ವಯ ಆಗಲ್ಲ.

ಎರಡನೇ ಕಾರಣ, ಆಗಲೇ ಹೇಳಿದ 120 ಕೆಲಸ. ಆರೇ ತಂಡ ಇದ್ದಾಗ ಎಷ್ಟೋ ಒಳ್ಳೇ ಬಿಳಿ ಆಟಗಾರರೂ ಕೆಳಗಿನ ಲೀಗ್‌ಗಳಲ್ಲೇ ಜೀವನ ಸವೆಸಿದರು. ಇದು ನಿಜ. ಆದರೆ 1967ರಲ್ಲಿ ತಂಡಗಳು ಆರರಿಂದ ಹನ್ನೆರಡು ಆದವು. 1970ಕ್ಕೆ ಹದಿನಾಲ್ಕು. 1972ಕ್ಕೆ ಹದಿನಾರು. ಕೆಲಸ ಎರಡೂವರೆ ಪಟ್ಟು ಹೆಚ್ಚಾಯ್ತು. ಇಷ್ಟಾದರೂ ಎರಡನೇ ಕಪ್ಪು ಆಟಗಾರ ಬರಲಿಲ್ಲ. ಓರೀ ಒಬ್ಬರೇ ಅಲ್ಲ, ಯಾರೂ ಬರಲಿಲ್ಲ! ಮೈಕ್ ಮಾರ್ಸನ್ ಅನ್ನೋ ಯುವಕ ಬಂದಿದ್ದು 1974ರಲ್ಲಿ, ಅದೂ ಆ ವರ್ಷವಷ್ಟೇ ಹೊಸದಾಗಿ ಹುಟ್ಟಿದ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡಕ್ಕೆ. 1958ರಿಂದ 1974. ಮೊದಲನೆಯವರಿಗೂ ಎರಡನೆಯವರಿಗೂ ನಡುವೆ 16 ವರ್ಷ. ಆ ಹೊತ್ತಿಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ವಾಪಸ್ ಬಂದಾಗಿತ್ತು.

ಒಬ್ಬ ಆಟಗಾರನನ್ನು ಕೈಬಿಟ್ಟಿದ್ದು ಬಣ್ಣದಿಂದಲೇ ಅಂತ ಸಾಬೀತು ಮಾಡೋದು ಯಾವಾಗಲೂ ಕಷ್ಟ. ಒಬ್ಬೊಬ್ಬರ ವಿಷಯಕ್ಕೂ ಒಂದೊಂದು ನೆಪ ಸಿಗುತ್ತೆ. ಫಾರ್ಮ್ ಇಲ್ಲ, ಜಾಗ ಇಲ್ಲ, ವಯಸ್ಸಾಯ್ತು. ನೋಡಿ, ಒಂದು ಮನೆಯಲ್ಲಿ ದೀಪ ಹೋದರೆ ಬಲ್ಬ್ ಬದಲಿಸಿ ನೋಡ್ತೀವಿ. ಇಡೀ ಬೀದಿ ಕತ್ತಲಾದರೆ ಮನೆ ಮನೆಗೆ ಹೋಗಿ ಬಲ್ಬ್ ಬಿಚ್ಚಲ್ಲ, ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗ್ತೀವಿ. ಎನ್‌ಎಚ್‌ಎಲ್‌ನ ಆ 16 ವರ್ಷ ಬೀದಿಯ ಕತ್ತಲೆ. ಅದಕ್ಕೆ ಒಂದೊಂದು ಬಲ್ಬನ್ನು ದೂರಿ ಪ್ರಯೋಜನ ಇಲ್ಲ.

ಓರೀ ಮಾತ್ರ ಆಟ ನಿಲ್ಲಿಸಲಿಲ್ಲ. ಕೊನೆಯ ಬಾರಿ ವೃತ್ತಿಪರ ಪಂದ್ಯ ಆಡಿದ್ದು 1979ರಲ್ಲಿ, 43ನೇ ವಯಸ್ಸಿನಲ್ಲಿ. ಒಂದು ಕಣ್ಣಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದ ವೃತ್ತಿಜೀವನ. ಅದಾದ ಮೇಲೆ? ಪಿಂಚಣಿ, ಬಂಗಲೆ, ಕಾಮೆಂಟರಿ ಬಾಕ್ಸ್ ಅಂದ್ಕೊಂಡ್ರಾ? ಸಿಕ್ಕ ಸಿಕ್ಕ ಕೆಲಸ ಮಾಡಿದರು. ಸ್ಯಾನ್ ಡಿಯಾಗೊದ ಒಂದು ಪ್ರಸಿದ್ಧ ಹೋಟೆಲಿನಲ್ಲಿ ಭದ್ರತಾ ಸಿಬ್ಬಂದಿಯಾಗಿ ದುಡಿದರು. ಅಲ್ಲಿ ಬಂದು ಹೋಗೋ ಅತಿಥಿಗಳಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ಬಾಗಿಲಲ್ಲಿ ನಿಂತಿರೋ ಈ ಮನುಷ್ಯ ಒಂದು ಕಾಲಕ್ಕೆ ಎಂಥ ಬಾಗಿಲು ತೆರೆದವನು ಅಂತ!

1998ರಲ್ಲಿ, ಅವರಿಗೆ 62 ವರ್ಷ ಆಗಿದ್ದಾಗ, ಎನ್‌ಎಚ್‌ಎಲ್‌ಗೆ ಅವರ ನೆನಪಾಯ್ತು. ಎಲ್ಲ ಬಣ್ಣದ, ಎಲ್ಲ ವರ್ಗದ ಮಕ್ಕಳನ್ನು ಹಾಕಿಗೆ ಕರೆತರುವ ಕಾರ್ಯಕ್ರಮದ ರಾಯಭಾರಿ ಮಾಡಿತು. ಈ ಮನುಷ್ಯ ಹಳೇ ಲೆಕ್ಕ ಚುಕ್ತಾ ಮಾಡೋಕೆ ಕೂರಲಿಲ್ಲ, ಊರೂರು ಸುತ್ತಿದರು. ಸ್ಕೇಟ್ಸ್ ಕೊಳ್ಳೋಕೆ ದುಡ್ಡಿಲ್ಲದ ಮಕ್ಕಳಿಗೆ ಸ್ಕೇಟ್ಸ್ ಕೊಡಿಸೋದು, ಕಲಿಸೋದು, ಶಾಲೆಗಳಿಗೆ ಹೋಗಿ ಮಾತಾಡೋದು. ಐಸ್ ಹಾಕಿ ದುಬಾರಿ ಆಟ. ಸಾಮಗ್ರಿ ಬೇಕು, ಒಳಾಂಗಣ ಕಣಕ್ಕೆ ಬಾಡಿಗೆ ಬೇಕು. ಬಣ್ಣದ ಗೋಡೆ ಬಿದ್ದರೂ ದುಡ್ಡಿನ ಗೋಡೆ ಅಲ್ಲೇ ಇರುತ್ತೆ. ಆ ಕಾರ್ಯಕ್ರಮದ ಮೂಲಕ ಅವರು ತಲುಪಿದ ಮಕ್ಕಳ ಸಂಖ್ಯೆ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಅಂತ ಲೀಗ್ ಹೇಳುತ್ತೆ. 45 ಪಂದ್ಯದ ಆಟಗಾರನ ನಿಜವಾದ ಸ್ಕೋರು ಇದು ಅಂತ ನನಗನ್ನಿಸುತ್ತೆ. 2018ರಲ್ಲಿ ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದ್ದು ಆಟಗಾರರ ವಿಭಾಗದಲ್ಲಿ ಅಲ್ಲ, ಆಟವನ್ನು ಕಟ್ಟಿದವರ ವಿಭಾಗದಲ್ಲಿ. 2022ರಲ್ಲಿ ಅಮೆರಿಕದ ಸಂಸತ್ತು ಅವರಿಗೆ ತನ್ನ ಚಿನ್ನದ ಪದಕ ಘೋಷಿಸಿತು. ಅದೇ ವರ್ಷ ಹರ್ಬ್ ಕಾರ್ನೆಗಿಯವರ ಹೆಸರೂ ಹಾಲ್ ಆಫ್ ಫೇಮ್ ಸೇರಿತು. ನೋಡೋಕೆ ಕಾರ್ನೆಗಿ ಇರಲಿಲ್ಲ. ಹತ್ತು ವರ್ಷ ಮುಂಚೆಯೇ ತೀರಿಕೊಂಡಿದ್ದರು.

ಈಗ ಆ ಲೀಗ್ ಬದಲಾಗಿದೆಯಾ? ಬದಲಾಗಿದೆ. 1984ರಲ್ಲಿ ಗ್ರಾಂಟ್ ಫ್ಯೂರ್ ಎಂಬ ಕಪ್ಪು ಗೋಲಿ ಎಡ್ಮಂಟನ್ ತಂಡದಲ್ಲಿ ಸ್ಟಾನ್ಲಿ ಕಪ್ ಎತ್ತಿಹಿಡಿದರು. 1989–90ರಲ್ಲಿ ರಾಬಿನ್ ಬಾವಾ ಅನ್ನೋ ಪಂಜಾಬಿ ಮೂಲದ ಆಟಗಾರ, ಭಾರತೀಯ ಮೂಲದ ಮೊದಲಿಗರಾಗಿ, ಅದೇ ವಾಷಿಂಗ್ಟನ್ ತಂಡದ ಪರವಾಗಿ ಎನ್‌ಎಚ್‌ಎಲ್‌ಗೆ ಬಂದರು. ಒಟ್ಟು 61 ಪಂದ್ಯ ಆಡಿದರು. ಇವತ್ತು ಕೆನಡಾದಲ್ಲಿ ಐಸ್ ಹಾಕಿಯ ಕಾಮೆಂಟರಿ ಟಿವಿಯಲ್ಲಿ ಪಂಜಾಬಿ ಭಾಷೆಯಲ್ಲೂ ಬರುತ್ತೆ. ಆದರೂ ಎನ್‌ಎಚ್‌ಎಲ್ ಪಂದ್ಯವೊಂದನ್ನು ಹಾಕಿಕೊಂಡು ಎರಡೂ ಬೆಂಚುಗಳ ಮೇಲೆ ಕಣ್ಣು ಹಾಯಿಸಿ. ಕಪ್ಪು ಮುಖ, ಕಂದು ಮುಖ ಎಣಿಸೋಕೆ ಒಂದು ಕೈ ಬೆರಳು ಸಾಕಾಗುತ್ತೆ.

ನಮ್ಮ ವೃತ್ತಿಯಲ್ಲಿ ‘ಮೊದಲ’ ಅನ್ನೋ ಪದಕ್ಕೆ ಬಹಳ ಬೆಲೆ. ಮೊದಲ ಮಹಿಳಾ ಅಧಿಕಾರಿ, ಈ ಸಮುದಾಯದಿಂದ ಮೊದಲ ನ್ಯಾಯಾಧೀಶ, ಈ ತಾಂಡಾದಿಂದ ಮೊದಲ ಡಾಕ್ಟರ್. ಹಾರ ಹಾಕ್ತಾರೆ, ನಾವು ಮೈಕ್ ಹಿಡೀತೀವಿ, ನೀವು ಖುಷಿಯಿಂದ ನೋಡ್ತೀರಿ. ಆ ಖುಷಿ ಸುಳ್ಳಲ್ಲ. ಆದರೆ ಸಂಸ್ಥೆಗಳಿಗೂ ಆ ಪದ ತುಂಬಾ ಅನುಕೂಲ ಅನ್ನೋದನ್ನು ಮರೀಬೇಡಿ. ಒಬ್ಬರನ್ನು ಒಳಗೆ ಬಿಟ್ಟರೆ ಸಾಕು, ನಮ್ಮಲ್ಲಿ ಭೇದಭಾವ ಇಲ್ಲ ಅಂತ ಎದೆ ತಟ್ಟಿಕೊಂಡು ಹದಿನಾರು ವರ್ಷ ಬಾಗಿಲು ಹಾಕಿಕೊಂಡಿರಬಹುದು. ಮೊದಲನೆಯವರು ಬರೋದು ಅವರ ಧೈರ್ಯದಿಂದ. ಎರಡನೆಯವರು, ಮೂರನೆಯವರು, ನೂರನೆಯವರು ಬರಬೇಕಾದರೆ ಬಾಗಿಲು ಕಾಯುವವರು ಬದಲಾಗಬೇಕು.

ಹಾಗಾಗಿ ಇನ್ನು ಮುಂದೆ ಸ್ಕ್ರೀನ್ ಮೇಲೆ ‘ಇತಿಹಾಸದಲ್ಲೇ ಮೊದಲ ಬಾರಿಗೆ’ ಅಂತ ಬಂದಾಗ ಚಪ್ಪಾಳೆ ತಟ್ಟಿ, ಖಂಡಿತ ತಟ್ಟಿ. ತಟ್ಟಿ ಆದ ಮೇಲೆ ಒಂದು ಪ್ರಶ್ನೆ ಕೇಳಿ. ಯಾವ ಆ್ಯಂಕರ್ ಬೇಕಾದರೂ ಇರಲಿ, ನಾನೇ ಇರಲಿ, ನಿಲ್ಲಿಸಿ ಕೇಳಿ: ಎರಡನೆಯವರು ಯಾವಾಗ?